ಬ್ಯಾಟರಿ ಬೇಡದ ಬೆಳಕಿನ ಕಣ್ಣು

ಸಂಜೆಯಾಗುತ್ತಲೇ ಹೌಸಿಂಗ್ ಸೊಸೈಟಿಯ ಗೇಟಿನ ದೀಪ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿಸಿಲಿಗೆ ಬಂದೊಡನೆ ಮೊಬೈಲ್ ಫೋನಿನ ಪರದೆ ಇನ್ನಷ್ಟು ಬೆಳಗುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸುವ ಯಂತ್ರ ಸಂಶಯದ ನೋಟು ಕಂಡರೆ ತಟ್ಟನೆ ನಿಲ್ಲುತ್ತದೆ. ಮೂಲೆಯಲ್ಲಿ ಕುಳಿತು ರಿಮೋಟ್ ಒತ್ತಿದರೆ ಟಿ.ವಿ. ಚಾನೆಲ್ ಬದಲಾಗುತ್ತದೆ. ಈ ಎಲ್ಲ ಕೆಲಸಗಳ ಹಿಂದೆ ಇರುವುದು ಬೆಳಕನ್ನು ಗುರುತಿಸಿ ಅದನ್ನು ವಿದ್ಯುತ್ತಿನ ಭಾಷೆಗೆ ಬದಲಿಸುವ ಪುಟ್ಟದೊಂದು ಸಾಧನ. ಇಂಗ್ಲಿಷಿನಲ್ಲಿ ಇದಕ್ಕೆ ಫೋಟೊ ಡಿಟೆಕ್ಟರ್ ಎಂಬ ಹೆಸರಿದೆ. ಕನ್ನಡದಲ್ಲಿ ಬೆಳಕಿನ ಸೆನ್ಸರ್ ಎಂದರೆ ಎಲ್ಲರಿಗೂ ಅರ್ಥವಾದೀತು.

2020 ಮತ್ತು 2021ರ ಕೊರೊನಾ ದಿನಗಳಲ್ಲಿ ಈ ಸಾಧನ ಮನೆಮನೆಗೂ ಬಂತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನೊಳಗೆ ಇದ್ದುದೂ ಅದೇ. ಬೆರಳಿನ ಒಂದು ಬದಿಯಿಂದ ಕೆಂಪು ಹಾಗೂ ಅವಕೆಂಪು ಬೆಳಕನ್ನು ಹಾಯಿಸಿ, ಇನ್ನೊಂದು ಬದಿಯಲ್ಲಿ ಎಷ್ಟು ಉಳಿದು ಬಂತೆಂದು ಅಳೆದು, ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣವನ್ನು ಅದು ಲೆಕ್ಕ ಹಾಕುತ್ತದೆ. ಆ ಸಂಖ್ಯೆಯ ಮೇಲೆ ಆಸ್ಪತ್ರೆಗೆ ಹೋಗಬೇಕೇ ಬೇಡವೇ ಎಂಬ ತೀರ್ಮಾನ ನಿಂತಿತ್ತು. ಪುಟ್ಟ ಸೆನ್ಸರಿನ ಮಾತಿಗೆ ಎಷ್ಟು ಬೆಲೆಯಿದೆ ಎಂಬುದನ್ನು ತಿಳಿಯಲು ಬೇರೆ ಉದಾಹರಣೆ ಬೇಕಾಗಿಲ್ಲ.

ಈಗ ಪ್ರಪಂಚದ ಅನೇಕ ಪ್ರಯೋಗಾಲಯಗಳಲ್ಲಿ ಹೊಸ ಬಗೆಯ ಬೆಳಕಿನ ಸೆನ್ಸರುಗಳು ತಯಾರಾಗುತ್ತಿವೆ. ಇವುಗಳಿಗೆ ಎರಡು ವಿಶೇಷ. ಅಳೆಯಬೇಕಾದ ಬೆಳಕಿನಿಂದಲೇ ಇವು ತಮಗೆ ಬೇಕಾದ ವಿದ್ಯುತ್ತನ್ನು ಪಡೆಯುತ್ತವೆ, ಹೊರಗಿನ ಬ್ಯಾಟರಿ ಬೇಡ. ಎರಡನೆಯದಾಗಿ, ಬೆಳಕಿನ ಏರಿಳಿತಕ್ಕೆ ಕಣ್ಣೆವೆ ಇಕ್ಕುವುದಕ್ಕಿಂತ ಎಷ್ಟೋ ಪಟ್ಟು ಬೇಗ ಸ್ಪಂದಿಸುತ್ತವೆ. ಇವನ್ನು ಕಟ್ಟುವುದು ಎರಡು ಬಗೆಯ ಪದಾರ್ಥಗಳಿಂದ. ಒಂದು, ಎಸಳೆಸಳಾಗಿ ಬಿಡಿಸಬಹುದಾದ ಪದಾರ್ಥ. ಇನ್ನೊಂದು, ಪೆರೊವ್‌ಸ್ಕೈಟ್ ಎಂಬ ಹರಳು. ಈ ಜೋಡಿಯ ಬಗ್ಗೆ ಬರುವ ಸುದ್ದಿಗಳಲ್ಲಿ ಎಷ್ಟು ನಿಜ, ಎಷ್ಟು ಇನ್ನೂ ಬಾಕಿ ಎಂಬುದನ್ನು ಅರಿಯುವುದು ಒಳ್ಳೆಯದು.

1839ರ ಎರಡು ಘಟನೆಗಳು

ಈ ಕತೆಯ ಎರಡು ಬೇರುಗಳೂ ಒಂದೇ ವರ್ಷಕ್ಕೆ ಹೋಗಿ ಮುಟ್ಟುತ್ತವೆ. 1839ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಎಂಬ 19 ವರ್ಷದ ಯುವಕ, ದ್ರಾವಣದಲ್ಲಿ ಮುಳುಗಿಸಿದ ಲೋಹದ ತಗಡುಗಳ ಮೇಲೆ ಬೆಳಕು ಬಿದ್ದರೆ ವಿದ್ಯುತ್ ಹರಿಯುತ್ತದೆ ಎಂಬುದನ್ನು ಕಂಡುಹಿಡಿದನು. ಅದೇ 1839ರಲ್ಲಿ ಜರ್ಮನಿಯ ಖನಿಜ ವಿಜ್ಞಾನಿ ಗುಸ್ತಾವ್ ರೋಸ್, ರಷ್ಯಾದ ಯುರಲ್ ಪರ್ವತಗಳಲ್ಲಿ ಸಿಕ್ಕ ಒಂದು ಹೊಸ ಖನಿಜವನ್ನು ಪರೀಕ್ಷಿಸಿ, ರಷ್ಯಾದ ಲೆವ್ ಪೆರೊವ್‌ಸ್ಕಿ ಎಂಬವರ ಗೌರವಾರ್ಥ ಅದಕ್ಕೆ ಪೆರೊವ್‌ಸ್ಕೈಟ್ ಎಂದು ಹೆಸರಿಟ್ಟನು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿದೆಯೆಂದು ಆಗ ಯಾರೂ ಎಣಿಸಿರಲಿಲ್ಲ. ಅವು ಒಂದಕ್ಕೊಂದು ಕೈಹಿಡಿಯಲು 170 ವರ್ಷ ಬೇಕಾಯಿತು.

ಬ್ಯಾಟರಿಯಿಲ್ಲದ ಬೆಳಕಿನ ಮಾಪಕ ಪೂರ್ತಿ ಹೊಸದೇನೂ ಅಲ್ಲ. 1873ರಲ್ಲಿ ಇಂಗ್ಲೆಂಡಿನ ವಿಲ್ಲೋಬಿ ಸ್ಮಿತ್, ಸಮುದ್ರದಡಿಯ ತಂತಿಗಳ ಪರೀಕ್ಷೆಗೆಂದು ತಂದ ಸೆಲೆನಿಯಂ ಕಡ್ಡಿಗಳು ಬೆಳಕಿನಲ್ಲಿ ಬೇರೆಯಾಗಿಯೇ ವರ್ತಿಸುವುದನ್ನು ಗಮನಿಸಿದನು. ಮುಂದೆ ಅದೇ ಸೆಲೆನಿಯಂ ಕ್ಯಾಮರಾಗಳ ಬೆಳಕು ಮಾಪಕಕ್ಕೆ ಬಂತು. ಹಳೆಯ ಫೋಟೊ ಸ್ಟುಡಿಯೋಗಳಲ್ಲಿ ದುಡಿದವರಿಗೆ ಅಂಗೈಯಗಲದ ಆ ಮೀಟರ್ ನೆನಪಿರಬಹುದು. ಅದಕ್ಕೆ ಬ್ಯಾಟರಿ ಇರಲಿಲ್ಲ. ಬಿದ್ದ ಬೆಳಕೇ ಮುಳ್ಳನ್ನು ತಿರುಗಿಸುತ್ತಿತ್ತು. ಆದರೆ ಮಂದ ಬೆಳಕಿನಲ್ಲಿ ಅದರ ಆಟ ನಡೆಯುತ್ತಿರಲಿಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಸಿಲಿಕಾನಿನ ಸೌರಕೋಶವನ್ನು ಪ್ರದರ್ಶಿಸಿತು. ಬಿದ್ದ ಬಿಸಿಲಿನ ಸುಮಾರು ಶೇ. 6ರಷ್ಟನ್ನು ಅದು ವಿದ್ಯುತ್ತಾಗಿಸುತ್ತಿತ್ತು. ಅಂದಿನಿಂದ ಇಂದಿನವರೆಗೆ ಬೆಳಕಿನ ಸೆನ್ಸರುಗಳ ಕ್ಷೇತ್ರದಲ್ಲಿ ಸಿಲಿಕಾನಿನದೇ ದೊರೆತನ. ಸಿಲಿಕಾನ್ ಸೆನ್ಸರ್ ಕೂಡ ಹೊರಗಿನ ವಿದ್ಯುತ್ ಇಲ್ಲದೆ ಕೆಲಸ ಮಾಡಬಲ್ಲದು. ಆದರೆ ಅದರ ತಯಾರಿಕೆಗೆ 1,414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಸಿಲಿಕಾನನ್ನು ಶುದ್ಧಗೊಳಿಸಿ ಹರಳಾಗಿ ಎಳೆಯಬೇಕು. ಆ ಹರಳು ಗಡುಸು. ಬಟ್ಟೆಯಂತೆ ಬಾಗುವ, ಮೈಗೆ ಅಂಟುವ ಸೆನ್ಸರ್ ಬೇಕೆಂದರೆ ಬೇರೆ ದಾರಿ ಹುಡುಕಬೇಕಾಗುತ್ತದೆ.

ಚಿರೋಟಿಯಂತಹ ಪದಾರ್ಥ

ಮದುವೆಮನೆಯ ಚಿರೋಟಿಯನ್ನು ಕಂಡವರಿಗೆ ಎಸಳು ಪದಾರ್ಥವನ್ನು ವಿವರಿಸುವುದು ಸುಲಭ. ಒಂದೊಂದು ಎಸಳೂ ತನ್ನಷ್ಟಕ್ಕೆ ಗಟ್ಟಿ. ಎಸಳು ಎಸಳಿನ ನಡುವೆ ಮಾತ್ರ ಹಿಡಿತ ಸಡಿಲ. ಪೆನ್ಸಿಲಿನೊಳಗಿನ ಗ್ರಾಫೈಟ್ ಇಂಥದು. ಕಾಗದದ ಮೇಲೆ ಬರೆದಾಗ ಎಸಳುಗಳು ಜಾರಿ ಉಳಿಯುವುದರಿಂದಲೇ ಅಕ್ಷರ ಮೂಡುತ್ತದೆ. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್, ಸಾಮಾನ್ಯ ಅಂಟುಪಟ್ಟಿಯಿಂದ ಗ್ರಾಫೈಟನ್ನು ಮತ್ತೆ ಮತ್ತೆ ಸುಲಿದು ಒಂದೇ ಪರಮಾಣುವಿನಷ್ಟು ದಪ್ಪದ ಎಸಳನ್ನು ಬೇರ್ಪಡಿಸಿದ ವರದಿ ಪ್ರಕಟಿಸಿದರು. ಅದೇ ಗ್ರಾಫೀನ್. ಈ ಸಂಶೋಧನೆಗೆ 2010ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಇದೇ ಜಾತಿಯ ಇನ್ನೊಂದು ಪದಾರ್ಥ ಮಾಲಿಬ್ಡಿನಮ್ ಡೈಸಲ್ಫೈಡ್. ಯಂತ್ರಗಳ ಬೇರಿಂಗಿಗೆ ಹಚ್ಚುವ ಕೆಲವು ಕಪ್ಪು ಗ್ರೀಸುಗಳಲ್ಲಿ ಇದು ಇರುತ್ತದೆ. ಇದರ ಒಂದು ಎಸಳಿನ ದಪ್ಪ ಸುಮಾರು 0.65 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ದಪ್ಪಗಿರುವಾಗ ಬೆಳಕಿನ ವಿಷಯದಲ್ಲಿ ಅಷ್ಟೇನೂ ಚುರುಕಲ್ಲದ ಈ ಪದಾರ್ಥ, ಒಂದೇ ಎಸಳಾದಾಗ ಬೆಳಕನ್ನು ಹೀರುವುದರಲ್ಲಿಯೂ ಹೊಮ್ಮಿಸುವುದರಲ್ಲಿಯೂ ಚುರುಕಾಗುತ್ತದೆ ಎಂಬುದು 2010ರಲ್ಲಿ ಬೆಳಕಿಗೆ ಬಂತು.

ಈ ಎಸಳುಗಳ ಮುಖ್ಯ ಗುಣ ಹೊಂದಾಣಿಕೆ. ಸಿಲಿಕಾನಿನಂತಹ ಹರಳನ್ನು ಕತ್ತರಿಸಿದರೆ ಕತ್ತರಿಸಿದ ಮುಖದಲ್ಲಿ ಜೋಡಿ ತಪ್ಪಿದ ಬಂಧಗಳು ಉಳಿಯುತ್ತವೆ. ವಿದ್ಯುತ್ತಿನ ಕಣಗಳು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಎಸಳು ಪದಾರ್ಥದ ಮೇಲ್ಮೈಯಲ್ಲಿ ಅಂಥ ಬಂಧಗಳು ಬಹಳ ಕಡಿಮೆ. ಹಾಗಾಗಿ ಇದನ್ನು ಬೇರೆ ಯಾವ ಪದಾರ್ಥದ ಮೇಲೆ ಹಾಸಿದರೂ ಜಗಳವಿಲ್ಲ. ಆದರೆ ಕೊರತೆಯೂ ಒಂದಿದೆ. ಇಷ್ಟು ತೆಳುವಾದದ್ದು ಬೆಳಕನ್ನು ತಡೆದು ನಿಲ್ಲಿಸುವುದಾದರೂ ಹೇಗೆ? ಗ್ರಾಫೀನಿನ ಒಂದು ಎಸಳು ಬಿದ್ದ ಬೆಳಕಿನ ಶೇ. 2.3ರಷ್ಟನ್ನು ಮಾತ್ರ ಹೀರುತ್ತದೆ. ನೂರು ರೂಪಾಯಿಯ ಬೆಳಕು ಬಂದರೆ ಜಮೆಯಾಗುವುದು ಎರಡು ರೂಪಾಯಿ ಮೂವತ್ತು ಪೈಸೆ. ಉಳಿದದ್ದೆಲ್ಲ ಹಾಗೆಯೇ ದಾಟಿಹೋಗುತ್ತದೆ. ಬೆಳಕನ್ನು ಹಿಡಿದು ಕೊಡುವ ಒಬ್ಬ ಪಾಲುದಾರ ಬೇಕು ಎಂಬ ಮಾತು ಬಂದದ್ದು ಇಲ್ಲಿಯೇ.

ಪಾಲುದಾರನ ಪ್ರವೇಶ

ಆ ಪಾಲುದಾರನೇ ಪೆರೊವ್‌ಸ್ಕೈಟ್. ಯುರಲ್‌ನಲ್ಲಿ ಸಿಕ್ಕ ಮೂಲ ಖನಿಜ ಕ್ಯಾಲ್ಸಿಯಂ ಟೈಟನೇಟ್. ಇಂದು ಆ ಹೆಸರಿನಿಂದ ಕರೆಯುವುದು, ಅದೇ ರೀತಿಯ ಒಳರಚನೆಯಿರುವ ಒಂದು ದೊಡ್ಡ ಕುಟುಂಬವನ್ನು. ಸೆನ್ಸರುಗಳಿಗೆ ಬಳಕೆಯಾಗುವ ಬಗೆಯಲ್ಲಿ ಸಾಮಾನ್ಯವಾಗಿ ಸೀಸ, ಅಯೋಡಿನ್ ಅಥವಾ ಬ್ರೋಮಿನ್, ಜೊತೆಗೆ ಒಂದು ಸಾವಯವ ಅಣು ಅಥವಾ ಸೀಸಿಯಂ ಇರುತ್ತದೆ. 2009ರಲ್ಲಿ ಜಪಾನಿನ ತೊಯಿನ್ ಯೊಕೊಹಾಮಾ ವಿಶ್ವವಿದ್ಯಾಲಯದ ತ್ಸುತೊಮು ಮಿಯಾಸಾಕಾ ಮತ್ತು ಸಂಗಡಿಗರು ಇದರಿಂದ ಸೌರಕೋಶ ಮಾಡಿದಾಗ ಅದರ ದಕ್ಷತೆ ಶೇ. 3.8 ಮಾತ್ರ ಇತ್ತು. ಇಂದು ಪ್ರಯೋಗಾಲಯದ ಪೆರೊವ್‌ಸ್ಕೈಟ್ ಕೋಶಗಳ ದಕ್ಷತೆ ಶೇ. 26ನ್ನು ದಾಟಿದೆ. ಸಿಲಿಕಾನ್ ಅರ್ಧ ಶತಮಾನದಲ್ಲಿ ಕ್ರಮಿಸಿದ ದಾರಿಯನ್ನು ಇದು ಹದಿನೈದು ವರ್ಷಗಳಲ್ಲಿ ಕ್ರಮಿಸಿತೆಂದರೆ ಅತಿಶಯೋಕ್ತಿಯಾಗಲಾರದು.

ಕೂದಲಿನ ದಪ್ಪದ ನೂರನೆಯ ಒಂದು ಪಾಲಿಗಿಂತಲೂ ತೆಳುವಾದ ಪೆರೊವ್‌ಸ್ಕೈಟ್ ಪದರ, ಕಣ್ಣಿಗೆ ಕಾಣುವ ಬೆಳಕಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಇದನ್ನು ದ್ರಾವಣವಾಗಿ ಕಲಸಿ, ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಮೇಲೆ ಹರಡಿ, ಸುಮಾರು 100 ಡಿಗ್ರಿಯಲ್ಲಿ ಕಾಯಿಸಿದರೆ ಹರಳಿನ ಪದರ ಸಿದ್ಧವಾಗುತ್ತದೆ. ಕಾವಲಿಯ ಮೇಲೆ ನೀರುದೋಸೆ ಹೊಯ್ದಷ್ಟು ಸಲೀಸಲ್ಲವಾದರೂ ಸಿಲಿಕಾನಿನ ಕುಲುಮೆಗೆ ಹೋಲಿಸಿದರೆ ಇದು ಅಡುಗೆಮನೆಯ ಶಾಖ. ಅಯೋಡಿನ್ನಿನ ಬದಲು ಬ್ರೋಮಿನ್ ಸೇರಿಸುತ್ತ ಹೋದರೆ ಅದು ಹೀರುವ ಬೆಳಕಿನ ಬಣ್ಣವೂ ಬದಲಾಗುತ್ತದೆ. ಬೇಕಾದ ಬಣ್ಣಕ್ಕೆ ಬೇಕಾದ ಪಾಕ ಎಂಬಂತೆ.

ಬ್ಯಾಟರಿಯಿಲ್ಲದೆ ಹೇಗೆ?

ಬೆಳಕಿನ ಒಂದು ಕಣ ಪೆರೊವ್‌ಸ್ಕೈಟಿನೊಳಗೆ ಬಿದ್ದಾಗ ಒಂದು ಎಲೆಕ್ಟ್ರಾನ್ ತನ್ನ ಜಾಗದಿಂದ ಏಳುತ್ತದೆ. ಅದು ಎದ್ದುಹೋದ ಖಾಲಿ ಜಾಗವೂ ಧನ ವಿದ್ಯುತ್ತಿನ ಕಣದಂತೆಯೇ ಚಲಿಸುತ್ತದೆ. ಇವೆರಡನ್ನೂ ಬೇರೆ ಬೇರೆ ದಿಕ್ಕಿಗೆ ಸಾಗಿಸದಿದ್ದರೆ ಮತ್ತೆ ಒಂದಾಗಿ ಎಲ್ಲವೂ ನಷ್ಟ. ಸಾಮಾನ್ಯ ಸೆನ್ಸರಿನಲ್ಲಿ ಸಾಗಿಸುವ ಕೆಲಸ ಬ್ಯಾಟರಿಯದು. ಸ್ವಯಂಶಕ್ತಿಯ ಸೆನ್ಸರಿನಲ್ಲಿ ಅದು ಎರಡು ಪದಾರ್ಥಗಳ ಸಂಧಿಯದು. ಎರಡು ಬೇರೆ ಗುಣದ ಪದಾರ್ಥಗಳು ಮುಟ್ಟಿದ ಕಡೆ ಒಳಗಿಂದೊಳಗೇ ಒಂದು ವಿದ್ಯುತ್ ಇಳಿಜಾರು ಏರ್ಪಡುತ್ತದೆ. ಊರಿನ ಹೆಂಚಿನ ಮನೆಯ ಮಾಡನ್ನು ನೆನೆಸಿಕೊಂಡರೆ ಸಾಕು. ನಡುಮಾಡಿನ ಮೇಲೆ ಬಿದ್ದ ಮಳೆನೀರನ್ನು ಯಾರೂ ತಳ್ಳಬೇಕಾಗಿಲ್ಲ. ಅರ್ಧ ಈಚೆಗೆ, ಅರ್ಧ ಆಚೆಗೆ ತಾನಾಗಿ ಹರಿಯುತ್ತದೆ. ಇಲ್ಲಿಯೂ ಎಲೆಕ್ಟ್ರಾನ್ ಒಂದು ಕಡೆಗೆ, ಖಾಲಿ ಜಾಗ ಇನ್ನೊಂದು ಕಡೆಗೆ ಜಾರುತ್ತದೆ. ಪೆರೊವ್‌ಸ್ಕೈಟ್ ಬೆಳಕನ್ನು ಹಿಡಿಯುತ್ತದೆ, ಎಸಳು ಪದಾರ್ಥ ವಿದ್ಯುತ್ತನ್ನು ಬೇಗನೆ ಹೊರಸಾಗಿಸುತ್ತದೆ.

ಇದರಿಂದ ಇನ್ನೊಂದು ಲಾಭವಿದೆ. ಬ್ಯಾಟರಿ ಜೋಡಿಸಿದ ಸೆನ್ಸರಿನಲ್ಲಿ ಕತ್ತಲೆಯಲ್ಲಿಯೂ ಸ್ವಲ್ಪ ವಿದ್ಯುತ್ ಸೋರುತ್ತಿರುತ್ತದೆ. ಮಂದ ಬೆಳಕಿನ ಸಂದೇಶ ಆ ಸೋರಿಕೆಯ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಬ್ಯಾಟರಿಯ ಒತ್ತಡವೇ ಇಲ್ಲದಿದ್ದರೆ ಸೋರಿಕೆ ಬಹಳ ಕಡಿಮೆ. ನಿಶ್ಶಬ್ದವಾದ ಕೋಣೆಯಲ್ಲಿ ಪಿಸುಮಾತೂ ಕೇಳಿಸುತ್ತದಲ್ಲವೇ?

ನಗದು ವ್ಯಾಪಾರ, ಸಾಲದ ವ್ಯಾಪಾರ

ಈ ಕ್ಷೇತ್ರದಲ್ಲಿ ಬೆಂಗಳೂರಿನ ಹೆಸರೂ ಇದೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 2013ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅರಿಂದಮ್ ಘೋಷ್ ಅವರ ತಂಡ ಗ್ರಾಫೀನ್ ಮತ್ತು ಮಾಲಿಬ್ಡಿನಮ್ ಡೈಸಲ್ಫೈಡ್ ಎಸಳುಗಳನ್ನು ಒಂದರ ಮೇಲೊಂದು ಇರಿಸಿ ತಯಾರಿಸಿದ ಸಾಧನದ ವರದಿ ‘ನೇಚರ್ ನ್ಯಾನೊಟೆಕ್ನಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅತ್ಯಂತ ಕ್ಷೀಣವಾದ ಬೆಳಕಿಗೂ ಅದು ಬಹು ದೊಡ್ಡ ಸಂಕೇತವನ್ನು ಕೊಡುತ್ತಿತ್ತು. ಬೆಳಕು ಆರಿಸಿದ ಮೇಲೂ ಅದು ಬೆಳಕನ್ನು ನೆನಪಿಟ್ಟುಕೊಳ್ಳುತ್ತಿತ್ತು. ವಿದ್ಯುತ್ತಿನ ಒಂದು ತಟ್ಟು ಕೊಟ್ಟರಷ್ಟೇ ಆ ನೆನಪು ಅಳಿಯುತ್ತಿತ್ತು. ಹೀಗಾಗಿ ಅದು ಏಕಕಾಲಕ್ಕೆ ಸೆನ್ಸರೂ ಹೌದು, ಸ್ಮರಣೆಯ ಸಾಧನವೂ ಹೌದು.

ನೆನಪು ಒಳ್ಳೆಯದೇ, ಆದರೆ ವೇಗ ಬೇಕಾದಲ್ಲಿ ಅಲ್ಲ. ದೊಡ್ಡ ಸಂಕೇತ ಕೊಡುವ ಇಂಥ ಸಾಧನಗಳಲ್ಲಿ ಬೆಳಕು ಎಬ್ಬಿಸಿದ ಒಂದು ಬಗೆಯ ಕಣ ಒಳಗೇ ಸಿಕ್ಕಿಬಿದ್ದಿರುತ್ತದೆ. ಅದು ಬಿಡುಗಡೆಯಾಗುವವರೆಗೆ ಹೊರಗಿನ ಬ್ಯಾಟರಿ ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನುಗಳನ್ನು ಹರಿಸುತ್ತಲೇ ಇರುತ್ತದೆ. ವ್ಯಾಪಾರದ ಭಾಷೆಯಲ್ಲಿ ಇದು ಸಾಲದ ವಹಿವಾಟು. ಮೊತ್ತ ದೊಡ್ಡದು, ಖಾತೆ ಚುಕ್ತಾ ಆಗಲು ತಡ. ಸ್ವಯಂಶಕ್ತಿಯ ಸೆನ್ಸರಿನದು ನಗದು ವ್ಯಾಪಾರ. ಬೆಳಕಿನ ಒಂದು ಕಣಕ್ಕೆ ಹೆಚ್ಚೆಂದರೆ ಒಂದು ಎಲೆಕ್ಟ್ರಾನ್. 620 ನ್ಯಾನೊಮೀಟರ್ ತರಂಗದ ಕೆಂಪು ಬೆಳಕಿನಲ್ಲಿ ಒಂದು ವ್ಯಾಟಿಗೆ ಅರ್ಧ ಆಂಪಿಯರಿಗಿಂತ ಹೆಚ್ಚು ಸಿಗದು. ಆದರೆ ಲೆಕ್ಕ ತಕ್ಷಣ ಚುಕ್ತಾ. ವೇಗದ ಗುಟ್ಟು ಇರುವುದು ಇಲ್ಲಿ.

2009ರಲ್ಲಿ ಐಬಿಎಂ ಸಂಸ್ಥೆಯ ವಿಜ್ಞಾನಿಗಳು ಗ್ರಾಫೀನ್ ಸೆನ್ಸರ್ ಒಂದು ಸೆಕೆಂಡಿಗೆ 4,000 ಕೋಟಿ ಸಲ ಬದಲಾಗುವ ಬೆಳಕನ್ನೂ ಹಿಂಬಾಲಿಸಬಲ್ಲದೆಂದು ತೋರಿಸಿದರು. ಹೊರಗಿನ ವೋಲ್ಟೇಜ್ ಇಲ್ಲದೆಯೂ ಅದು ಕೆಲಸ ಮಾಡಬಲ್ಲದಾಗಿತ್ತು. 2014ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಾಂಗ್ ಯಾಂಗ್ ಅವರ ತಂಡ, ದ್ರಾವಣದಿಂದ ತಯಾರಿಸಿದ ಪೆರೊವ್‌ಸ್ಕೈಟ್ ಸೆನ್ಸರ್ ಸೆಕೆಂಡಿಗೆ 30 ಲಕ್ಷ ಏರಿಳಿತಗಳವರೆಗೆ ಸ್ಪಂದಿಸಿದ್ದನ್ನು ವರದಿ ಮಾಡಿತು. ಆ ಬಳಿಕ ಎರಡೂ ಪದಾರ್ಥಗಳನ್ನು ಬೆಸೆಯುವ ಕೆಲಸ ಅನೇಕ ದೇಶಗಳಲ್ಲಿ ಭರದಿಂದ ಸಾಗಿದೆ. ಅವಸರದ ಬೆಳಕಿನಲ್ಲಿ ಸಂದೇಶ ಕಳುಹಿಸುವುದು, ನಾಡಿಬಡಿತ ನೋಡುವುದು, ಹೊಗೆ ಪತ್ತೆಹಚ್ಚುವುದು, ಚಿತ್ರ ತೆಗೆಯುವುದು, ಹೀಗೆ ಇವುಗಳಿಂದ ನಿರೀಕ್ಷಿಸುತ್ತಿರುವ ಉಪಯೋಗಗಳ ಪಟ್ಟಿ ಉದ್ದವಿದೆ.

ಖರ್ಚಿನ ಬದಿಯನ್ನೂ ನೋಡಬೇಕು

ಜಮೆಯ ಬದಿಯನ್ನು ಮಾತ್ರ ಓದಿದರೆ ಲೆಕ್ಕ ಪೂರ್ತಿಯಾಗದು. ಮೊದಲನೆಯದು ತೇವ. ಪೆರೊವ್‌ಸ್ಕೈಟಿಗೆ ನೀರಿನ ಪಸೆ ಆಗಿಬರುವುದಿಲ್ಲ. ಹರಳು ಒಡೆದು ಹಳದಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುವ ಮುಂಬಯಿಯಂತಹ ಊರಿನಲ್ಲಿ ಇದು ಸಣ್ಣ ಮಾತಲ್ಲ. ಗಾಳಿಯಾಡದಂತೆ ಮುಚ್ಚುವುದು ಒಂದು ಉಪಾಯ. ಹರಳನ್ನೇ ಎಸಳೆಸಳಾಗಿ ಬೆಳೆಸಿ, ನಡುನಡುವೆ ನೀರನ್ನು ದೂರವಿಡುವ ಸಾವಯವ ಅಣುಗಳನ್ನು ಇರಿಸುವುದು ಇನ್ನೊಂದು. ಎಸಳು ಪೆರೊವ್‌ಸ್ಕೈಟ್ ಎಂಬ ಈ ಬಗೆ ಹೆಚ್ಚು ಬಾಳಿಕೆ ಬರುತ್ತದೆ.

ಎರಡನೆಯದು ಸೀಸ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾರಕ. ಸೆನ್ಸರಿನಲ್ಲಿರುವ ಸೀಸದ ತೂಕ ಅತ್ಯಲ್ಪವೇನೋ ನಿಜ. ಒಂದು ಚದರ ಮೀಟರ್ ಹರಡಿದರೂ ಅಷ್ಟು ತೆಳುವಾದ ಪದರದಲ್ಲಿ ಒಂದು ಗ್ರಾಮಿಗಿಂತ ಕಡಿಮೆ. ಆದರೆ ಅದು ನೀರಿನಲ್ಲಿ ಕರಗುವ ರೂಪದಲ್ಲಿರುತ್ತದೆ. ಯುರೋಪು 2006ರಿಂದ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸಕ್ಕೆ ಮಿತಿ ಹಾಕಿದೆ. ಭಾರತದ ಇ-ತ್ಯಾಜ್ಯ ನಿಯಮಗಳಲ್ಲಿಯೂ ಅಂಥ ಮಿತಿಯಿದೆ. ಸೀಸದ ಬದಲು ತವರ ಬಳಸಿದರೆ ಅದು ಗಾಳಿಯಲ್ಲಿ ಬೇಗ ಕೆಡುತ್ತದೆ. ಹಳೆಯ ಫೋನು, ಚಾರ್ಜರುಗಳನ್ನು ರದ್ದಿಯವನಿಗೆ ಕೊಡುವ ನಮ್ಮ ಅಭ್ಯಾಸವನ್ನು ಗಮನಿಸಿದರೆ, ಅದನ್ನು ಬರಿಗೈಯಲ್ಲಿ ಒಡೆದು ಬೇರ್ಪಡಿಸುವ ಬಡ ಮಕ್ಕಳ ಆರೋಗ್ಯವೂ ಈ ಲೆಕ್ಕದಲ್ಲಿ ಸೇರಬೇಕಾಗುತ್ತದೆ.

ಮೂರನೆಯದು ‘ಸ್ವಯಂಶಕ್ತಿ’ ಎಂಬ ಮಾತಿನ ಅರ್ಥ. ವಿದ್ಯುತ್ ಬೇಡ ಎಂದಿರುವುದು ಸೆನ್ಸರಿಗೆ ಮಾತ್ರ. ಸಂಕೇತವನ್ನು ದೊಡ್ಡದು ಮಾಡುವ, ಅಂಕಿಯಾಗಿ ತೋರಿಸುವ, ಫೋನಿಗೆ ಕಳುಹಿಸುವ ಭಾಗಗಳಿಗೆ ವಿದ್ಯುತ್ ಬೇಕೇ ಬೇಕು. ಆಕ್ಸಿಮೀಟರಿನಲ್ಲಂತೂ ಬೆಳಕು ಬೀರುವ ದೀಪಗಳಿಗೇ ಬ್ಯಾಟರಿ ಬೇಕು. ಮೇಲಾಗಿ ಅದರ ಅವಕೆಂಪು ಬೆಳಕು 940 ನ್ಯಾನೊಮೀಟರಿನದು. ಸೀಸ-ಅಯೋಡಿನ್ ಪೆರೊವ್‌ಸ್ಕೈಟ್ 800 ನ್ಯಾನೊಮೀಟರ್ ದಾಟಿದರೆ ಕುರುಡು. ತವರ ಬೆರೆಸಿದರಷ್ಟೇ ಅದರ ನೋಟ ಅಲ್ಲಿಯವರೆಗೆ ಚಾಚುತ್ತದೆ. ಬ್ಯಾಟರಿಯೇ ಬೇಡವೆಂದು ನಾಳೆ ಯಾರಾದರೂ ಜಾಹೀರಾತು ಕೊಟ್ಟರೆ ಯಾವ ಭಾಗಕ್ಕೆ ಬೇಡ ಎಂದು ಕೇಳುವುದು ಗ್ರಾಹಕರ ಹಕ್ಕು.

ಇದಕ್ಕಿಂತ ಮುಖ್ಯವಾದ ಪಾಠವೊಂದು ಕೊರೊನಾ ಕಾಲದಲ್ಲಿಯೇ ದೊರೆಯಿತು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಕೊನೆಗೆ ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಮೀಟರ್ ಗುರುತಿಸದೆ ಬಿಟ್ಟ ಆಮ್ಲಜನಕದ ಕೊರತೆ ಬಿಳಿಯ ರೋಗಿಗಳಿಗಿಂತ ಕಪ್ಪು ವರ್ಣೀಯ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಕಂಡುಬಂತು. ಚರ್ಮದ ಕಪ್ಪು ವರ್ಣದ್ರವ್ಯವೂ ಬೆಳಕನ್ನು ಹೀರುತ್ತದೆ. ಯಂತ್ರದ ಲೆಕ್ಕಾಚಾರ ಅದನ್ನು ಸರಿಯಾಗಿ ಕಳೆಯದಿದ್ದರೆ ಇಲ್ಲದ ಆಮ್ಲಜನಕ ಇದೆಯೆಂದು ತೋರುತ್ತದೆ. ಸೆನ್ಸರ್ ಎಷ್ಟೇ ಚುರುಕಾಗಿರಲಿ, ಅದನ್ನು ಯಾರ ಬೆರಳಿನ ಮೇಲೆ ಪರೀಕ್ಷಿಸಿ ಸರಿಹೊಂದಿಸಿದರು ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ದೇಶದಲ್ಲಿ ಎಲ್ಲ ಮೈಬಣ್ಣದವರೂ ಇದ್ದಾರೆ. ಹೊಸ ಸಾಧನಗಳನ್ನು ಇಲ್ಲಿಯೇ, ನಮ್ಮವರ ಮೇಲೆ ಪರೀಕ್ಷಿಸುವ ವಿಜ್ಞಾನಿಗಳೂ ವೈದ್ಯರೂ ನಮಗೆ ಬೇಕು ಎಂಬುದು ಇದರ ತಾತ್ಪರ್ಯ.

ನಮ್ಮ ಮಕ್ಕಳಿಗೊಂದು ದಾರಿ

ಅಂಥ ವಿದ್ಯೆಗೆ ದೂರ ಹೋಗಬೇಕಾಗಿಲ್ಲ. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 2014ರಲ್ಲಿ ಭಾರತರತ್ನ ಪಡೆದ ಪ್ರೊ. ಸಿ.ಎನ್.ಆರ್. ರಾವ್ ಅವರು ಪೆರೊವ್‌ಸ್ಕೈಟ್ ರಚನೆಯ ಆಕ್ಸೈಡುಗಳ ಮೇಲೆಯೂ, ಗ್ರಾಫೀನ್ ಹಾಗೂ ಇತರ ಎಸಳು ಪದಾರ್ಥಗಳ ಮೇಲೆಯೂ ಕೆಲಸ ಮಾಡಿದವರು. ಬೆಂಗಳೂರಿನ ಜಕ್ಕೂರಿನಲ್ಲಿ ಅವರು ಕಟ್ಟಿ ಬೆಳೆಸಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಗ್ರಾಫೀನಿನ ಎಸಳು ಒಂದೇ, ಎರಡೇ ಎಂದು ಎಣಿಸಲು ಪ್ರಪಂಚದ ಅನೇಕ ಪ್ರಯೋಗಾಲಯಗಳು ಇಂದು ಬಳಸುವುದು, 1928ರಲ್ಲಿ ಸರ್ ಸಿ.ವಿ. ರಾಮನ್ ಕಂಡುಹಿಡಿದ ರಾಮನ್ ಪರಿಣಾಮವನ್ನೇ. ಮುಂಬಯಿ ಕನ್ನಡಿಗರಿಗಂತೂ ಪೊವಾಯಿಯ ಐಐಟಿ ಮನೆಯ ಅಂಗಳದಲ್ಲೇ ಇದ್ದಂತೆ. ಅಲ್ಲಿ 2010ರಲ್ಲಿ ಆರಂಭವಾದ ಸೌರವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಸಿಲಿಕಾನಿನ ಮೇಲೆ ಪೆರೊವ್‌ಸ್ಕೈಟ್ ಹಾಸುವ ಕೋಶಗಳ ಅಧ್ಯಯನವೂ ನಡೆದಿದೆ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವರ ಪರಂಪರೆ ಮುಂಬಯಿ ಕನ್ನಡಿಗರದು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಎಂಜಿನಿಯರಿಂಗ್ ಓದುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರ ಗುರಿ ಸಾಫ್ಟ್‌ವೇರ್ ಒಂದೇ ಆಗಿರುವಾಗ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದಲ್ಲಿಯೂ ಬಾಳು ಕಟ್ಟಿಕೊಳ್ಳಲು ದಾರಿಯಿದೆ ಎಂದು ಹೇಳುವವರು ಬೇಕು. ಸಂಘ ಸಂಸ್ಥೆಗಳು ಪ್ರತಿವರ್ಷ ನಡೆಸುವ ವಿದ್ಯಾರ್ಥಿವೇತನ ವಿತರಣೆಯ ಸಭೆಯಲ್ಲಿ ಶಾಲು, ಹಾರಗಳ ನಡುವೆ ಹತ್ತು ನಿಮಿಷ ಇದಕ್ಕೆ ಮೀಸಲಿಡಬಹುದು.

ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಒಂದು ಕೆಂಪು ಎಲ್‌ಇಡಿ, ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು. ಎಲ್‌ಇಡಿಯ ಎರಡು ಕಾಲುಗಳಿಗೆ ಮೀಟರಿನ ತಂತಿಗಳನ್ನು ಮುಟ್ಟಿಸಿ, ಡಿ.ಸಿ. ವೋಲ್ಟೇಜ್ ಅಳೆಯುವಂತೆ ತಿರುಗಿಸಿ, ಬಿಸಿಲಿಗೆ ಹಿಡಿದರೆ ಮೀಟರಿನಲ್ಲಿ ಒಂದು ವೋಲ್ಟ್ ಆಸುಪಾಸಿನ ಅಂಕಿ ಮೂಡುತ್ತದೆ. ಬೆಳಕು ಕೊಡುವುದಕ್ಕೆಂದು ಮಾಡಿದ ದೀಪವೇ ಬೆಳಕನ್ನು ಉಂಡು ವಿದ್ಯುತ್ ಕೊಡುತ್ತದೆ, ಏಕೆಂದರೆ ಅದರೊಳಗೂ ಎರಡು ಪದಾರ್ಥಗಳ ಸಂಧಿಯ ಅದೇ ಇಳಿಜಾರು ಇದೆ. ಕೈಯಿಂದ ಮುಚ್ಚಿದರೆ ಅಂಕಿ ಇಳಿಯುತ್ತದೆ, ತೆಗೆದರೆ ಏರುತ್ತದೆ. ಇದನ್ನು ಕಣ್ಣಾರೆ ಕಂಡ ಹತ್ತು ಮಕ್ಕಳಲ್ಲಿ ಒಬ್ಬನೋ ಒಬ್ಬಳೋ ‘ಇದು ಹೇಗೆ?’ ಎಂದು ಕೇಳಿದರೂ ಆ ಹತ್ತು ನಿಮಿಷ ಸಾರ್ಥಕ.